ಬೆನ್ನುಡಿಯ ಪ್ರಾಮಾಣ್ಯವಿಚಾರ

೧

ಈಚೆಗೆ ಅಚ್ಚಾಗುತ್ತಿರುವ ಕನ್ನಡ ಪುಸ್ತಕಗಳಲ್ಲಿ, ಕಥೆ, ಕವನ, ಪ್ರಬಂಧ, ಸಂಶೋಧನೆ ಎಂಬ ಭೇದವಿಲ್ಲದೆ, ಒಂದು ಅಂಗವು ಪ್ರಾಯಶಃ ತಪ್ಪದೆ ಕಾಣಬರುತ್ತದೆ. ಹಿಂಬದಿಯ ಹೊದಿಕೆಯ ಮೇಲೆ ಲೇಖಕನಿಗಿಂತ ಹೆಸರಾದ ಒಬ್ಬಿಬ್ಬರು ಬರೆಹಗಾರರು ಆರೆಂಟು ಸಾಲುಗಳಲ್ಲಿ ಗ್ರಂಥವನ್ನು ಕೊಂಡಾಡಿ ಕೆಳಗೆ ತಮ್ಮ ಹೆಸರನ್ನು ಹಾಕಿರುತ್ತಾರೆ. ಇದಕ್ಕೆ ಬೆನ್ನುಡಿಯೆಂದು ಹೆಸರು ನಿಂತಿದೆ. ಮುನ್ನುಡಿಯೆಂಬ ಪದದ ಮಾದರಿಯಲ್ಲಿ ಹುಟ್ಟಿದ ಈ ಶಬ್ದದ ರಚನೆಯಲ್ಲಿ ದೋಷವೇನೂ ಇಲ್ಲ. ಆ ಶಬ್ದದಿಂದ ಹೇಳಲ್ಪಡುವ ವಸ್ತುವಿನ ಯೋಗ್ಯತೆಯೇನು, ಸಾಹಿತ್ಯವಿಚಾರದಲ್ಲಿ ಅದಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಇಷ್ಟು ಸಣ್ಣ ವಿಷಯವನ್ನು ವಿದ್ವತ್ಪತ್ರಿಕೆಯಲ್ಲಿ ಎತ್ತಬೇಕೆ ಎಂದು ಕೆಲವರು ಕೇಳಬಹುದು. ಬೆನ್ನುಡಿಯು ಅಂಗಡಿಯಲ್ಲಿಯೇ ಉಳಿದಿದ್ದರೆ ಎತ್ತಬೇಕಾಗಿರಲಿಲ್ಲ. ಅದು ಈಗ ತರಗತಿಯನ್ನು ಹೊಕ್ಕಿದೆ. ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ‘ಈ ಕೃತಿಯನ್ನು ಕುರಿತು ಇಂಥವರು ಹೀಗೆ ಅಭಿಪ್ರಾಯಪಟ್ಟಿದ್ದಾರೆ’ ಎಂದು ಉದಾಹರಿಸುವ ಮಾತುಗಳು ಎಲ್ಲಿಯವೆಂದು ಹುಡುಕಿದರೆ, ಎಷ್ಟೋ ವೇಳೆ ಅವು ಹೊದಿಕೆಯಿಂದ ಎತ್ತಿಕೊಂಡವಾಗಿರುತ್ತವೆ. ಇಂದು ಪ್ರಬಂಧದಲ್ಲಿ ಸೇರಿದ ಮಾತು ನಾಳೆ ಸಾಹಿತ್ಯಚರಿತ್ರೆಯಲ್ಲಿ ಸೇರುತ್ತದೆ. ಹೀಗೆ ಕೊಳ್ಳುವವನನ್ನು ಕರೆಯುವುದಕ್ಕಾಗಿ ಬರೆದ ಮಾತು ಕಾಲಕ್ರಮದಲ್ಲಿ ವಿಮರ್ಶಕನ ನಿರ್ಣಯವೆಂಬ ವೇಷವನ್ನು ತೊಡುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಬರೆಯುವವರ ಸಂಖ್ಯೆಯು ಭೂವಿಸ್ತಾರಕ್ಕೆ ಹೋಲಿಸಿದರೆ ದೊಡ್ಡದು. ಬರೆಯುವವರು ಒಬ್ಬರಿಗೊಬ್ಬರು ನಂಟರೋ ಸಹಪಾಠಿಗಳೋ ತಾಳಮದ್ದಳೆಯ ಜೊತೆಗಾರರೋ ಆಗಿರುವುದು ಸಾಮಾನ್ಯ. ಇಂಥ ಸೀಮೆಯಲ್ಲಿ ಹೊಸಬನೊಬ್ಬನು ಹಸ್ತಪ್ರತಿಯನ್ನು ಹಿಡಿದು ಮನೆಯ ಜಗಲಿಗೆ ಬಂದು, ‘ನಾಲ್ಕು ಮಾತು ಬರೆದುಕೊಡಬೇಕು, ಪೂರ್ತಿ ಓದಲು ಪುರಸೊತ್ತಿಲ್ಲದಿದ್ದರೆ ಹಾಗೆಯೇ ಆಶೀರ್ವಾದ ಮಾಡಿದರೂ ಸಾಕು’ ಎಂದರೆ, ಇಲ್ಲವೆನ್ನುವುದು ಸುಲಭವಲ್ಲ. ಒಮ್ಮೆ ಒಬ್ಬರು ಶ್ಲಾಘನೆಯ ಸಾಲುಗಳನ್ನೂ ತಾವೇ ಬರೆದು ತಂದು, ‘ಇಲ್ಲಿ ಒಂದು ರುಜು ಮಾತ್ರ’ ಎಂದು ನನ್ನ ಮುಂದೆ ಇಟ್ಟದ್ದುಂಟು. ದಾಕ್ಷಿಣ್ಯವನ್ನು ಕುರಿತ ನಮ್ಮ ಗಾದೆಯು ಎಲ್ಲರಿಗೂ ತಿಳಿದದ್ದೇ, ಇಲ್ಲಿ ಬರೆಯಬೇಕಾದುದಿಲ್ಲ.

೨

ಬೆನ್ನುಡಿಯು ಪ್ರಮಾಣವೆ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಗಳ ಮುಂದೆ ಇಡೋಣ. ಅನ್ಯನ ಮಾತನ್ನು ನಂಬಿ ನಾವು ಒಂದು ವಸ್ತುವನ್ನು ತಿಳಿದೆವೆಂದರೆ ಅದು ಶಬ್ದಪ್ರಮಾಣ. ಆ ಮಾತು ಆಪ್ತನದಾಗಿರಬೇಕು. ಆಪ್ತನು ಯಾರೆಂಬುದಕ್ಕೆ ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಲಕ್ಷಣವು ಬಹು ಸ್ಪಷ್ಟವಾದುದು. ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಕಂಡಿರಬೇಕು. ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯಿಂದ ಪ್ರೇರಿತನಾಗಿ ಆಡಿರಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನೇ ಹೇಳುತ್ತಾನೆ. ಅಂದಮೇಲೆ ಹೇಳುವವನ ಕೀರ್ತಿಯಾಗಲಿ ಪದವಿಯಾಗಲಿ ಪ್ರಶಸ್ತಿಗಳಾಗಲಿ ಆಪ್ತತ್ವಕ್ಕೆ ಕಾರಣವಾಗುವುದಿಲ್ಲ. ಓದಿರುವನೆ, ಓದಿ ಕಂಡದ್ದನ್ನು ಹೇಳುವುದಕ್ಕೆ ಸ್ವತಂತ್ರನಾಗಿರುವನೆ ಎಂಬ ಎರಡನ್ನೇ ನೋಡಬೇಕು.

ಬೆನ್ನುಡಿಯಲ್ಲಿ ಮೊದಲನೆಯದು ಸಂದೇಹಾಸ್ಪದ. ಎರಡನೆಯದಂತೂ ಪ್ರಾಯಶಃ ಇಲ್ಲ. ಗ್ರಂಥವು ಸಾಧಾರಣವೆಂದು ಬೆನ್ನುಡಿಯಲ್ಲಿ ಬರೆಯುವುದಕ್ಕೆ ಅವಕಾಶವೇ ಇಲ್ಲವಷ್ಟೆ. ಹಾಗೆ ಬರೆದುಕೊಟ್ಟರೆ ಅದು ಅಚ್ಚಾಗುವುದಿಲ್ಲ. ಯಾವ ಸ್ಥಾನದಲ್ಲಿ ಒಪ್ಪುವ ಮಾತು ಮಾತ್ರ ನಿಲ್ಲಬಲ್ಲುದೋ, ಅಲ್ಲಿ ನಿಂತಿರುವ ಒಪ್ಪಿಗೆಯಿಂದ ನಮಗೆ ಹೊಸದಾಗಿ ತಿಳಿಯುವುದೇನು?

ಹಾಗಾದರೆ ಈ ವಾಕ್ಯಗಳನ್ನು ಏನೆನ್ನಬೇಕು? ಮೀಮಾಂಸಕರು ಇವುಗಳಿಗೆ ಯುಕ್ತವಾದ ಸ್ಥಳವನ್ನು ಕಾದಿರಿಸಿದ್ದಾರೆ: ಅರ್ಥವಾದ. ವಾಯುವು ಅತಿ ವೇಗದ ದೇವತೆಯೆಂದು ಶ್ರುತಿಯು ಹೊಗಳಿದರೆ, ವಾಯುವಿನ ವೇಗವನ್ನು ಅಳೆದು ತಿಳಿಸುವುದು ಅದರ ತಾತ್ಪರ್ಯವಲ್ಲ. ಆ ದೇವತೆಯನ್ನು ಉದ್ದೇಶಿಸಿದ ಯಾಗದಲ್ಲಿ ಯಜಮಾನನಿಗೆ ರುಚಿ ಹುಟ್ಟಿಸುವುದು ತಾತ್ಪರ್ಯ. ವಿಧಿಯೊಡನೆ ಸೇರಿದಾಗಲೇ ಸ್ತುತಿಗೆ ಸಾರ್ಥಕ್ಯ. ಬೆನ್ನುಡಿಯೂ ಅಂಥದೇ. ‘ಇದನ್ನು ಕೊಂಡುಕೊಳ್ಳತಕ್ಕದ್ದು’ ಎಂಬುದು ಅಲ್ಲಿಯ ವಿಧಿ. ‘ಅಪೂರ್ವ’, ‘ಮೈಲಿಗಲ್ಲು’, ‘ಓದಲೇಬೇಕಾದ ಕೃತಿ’ ಎಂಬಿವು ಅದಕ್ಕೆ ಶೇಷವಾದ ಅರ್ಥವಾದಗಳು. ಈ ಮಾತುಗಳನ್ನು ಸುಳ್ಳೆಂದು ತೆಗೆದುಹಾಕಬೇಕಾಗಿಲ್ಲ. ಇವುಗಳಿಂದ ವಸ್ತುಸ್ವರೂಪವನ್ನು ನಿರ್ಣಯಿಸಲು ಹೊರಡುವವನೇ ತಪ್ಪಿದವನು.

ನಮ್ಮ ಸೀಮೆಯ ಅಡಕೆಯ ಮಂಡಿಗಳಲ್ಲಿ ಈ ವಿವೇಕವು ಶಾಸ್ತ್ರವಿಲ್ಲದೆಯೂ ಇದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಕಟ್ಟುವ ಮೊದಲು ವ್ಯಾಪಾರಿಯು ಮೂಟೆಯನ್ನು ಬಿಚ್ಚಿ ಕೈಹಾಕುತ್ತಾನೆ. ಪಕ್ಕದ ತೋಟದವನು ಒಳ್ಳೆಯ ಮಾಲೆಂದು ಹೇಳಿದನೆಂಬ ಕಾರಣದಿಂದ ಗೊರಬಲಿಗೆ ಸರಕಿನ ದರ ಕೊಟ್ಟವನನ್ನು ನಾನು ಕಂಡಿಲ್ಲ.

೩

ಪರರ ಅಭಿಪ್ರಾಯವನ್ನು ಬೇಡುವುದೇ ತಪ್ಪೆಂದು ಇದರಿಂದ ಸಾಧಿಸಿದಂತಾಗುವುದಿಲ್ಲ. ಬೇಡುವ ಪದ್ಧತಿಯು ಪ್ರಾಚೀನವಾದುದು; ಆದರೆ ಆ ಕಾಲದಲ್ಲಿ ಬೇಡುತ್ತಿದ್ದುದು ಬೇರೆ. ಕವಿರಾಜಮಾರ್ಗದಲ್ಲಿ, ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣಲಾರದಂತೆ ಕವಿಯು ತನ್ನ ದೋಷವನ್ನು ಕಾಣಲಾರನೆಂಬ ಉಪಮಾನವು ಬಂದಿದೆ. ಕ್ರಿ.ಶ. ೮೫೦ರ ಸುಮಾರಿನ ಈ ಗ್ರಂಥವು ಅಂದಿನ ಬಲ್ಲವರಲ್ಲಿ ಕವಿಯು ಏನನ್ನು ಬೇಡಬೇಕೆಂಬುದನ್ನು ಇಷ್ಟರಿಂದಲೇ ಸೂಚಿಸುತ್ತದೆ. ಕಾಡಿಗೆಯು ಹರಡಿದೆಯೆ ಎಂದು ನೋಡಿ ಹೇಳುವ ಎದುರಿನ ಕಣ್ಣು ಆತನಿಗೆ ಬೇಕು.

ಕಾಶ್ಮೀರದ ಮಂಖಕನು ೧೨ನೆಯ ಶತಮಾನದಲ್ಲಿ ಶ್ರೀಕಂಠಚರಿತವನ್ನು ಬರೆದನು. ಅದರ ೨೫ನೆಯದಾದ ಕೊನೆಯ ಸರ್ಗದಲ್ಲಿ, ತನ್ನ ಅಣ್ಣನೂ ರಾಜಾ ಜಯಸಿಂಹನ ಅಧಿಕಾರಿಯೂ ಆದ ಅಲಂಕಾರನ ಮನೆಯಲ್ಲಿ ನೆರೆದ ವಿದ್ವತ್ಸಭೆಯನ್ನು ಆತನು ವರ್ಣಿಸಿದ್ದಾನೆ. ಗುರುವಾದ ರುಯ್ಯಕನಿಂದ ಮೊದಲುಗೊಂಡು ಸುಮಾರು ಮೂವತ್ತು ಮಂದಿ ವಿದ್ವಾಂಸರು ಅಲ್ಲಿದ್ದರು. ಕೊಂಕಣದ ಅಪರಾದಿತ್ಯನ ದೂತನಾಗಿ ಬಂದಿದ್ದ ತೇಜಕಂಠನೂ ಅವರಲ್ಲೊಬ್ಬನು. ಅವರ ಮುಂದೆ ಕಾವ್ಯವನ್ನು ಓದಲಾಯಿತು, ಅವರು ಕೇಳಿದರು. ಪರರ ಹೆಸರುಗಳಿಂದ ತನ್ನ ಗ್ರಂಥವನ್ನು ಅಲಂಕರಿಸಿಕೊಂಡವರಲ್ಲಿ ಮಂಖಕನಷ್ಟು ಧಾರಾಳಿ ಮತ್ತೊಬ್ಬನಿರಲಾರನು. ಆದರೆ ಇಲ್ಲಿ ಎರಡು ವಿಶೇಷಗಳಿವೆ. ಕೇಳಿದ ಮೇಲೆ ಅಭಿಪ್ರಾಯ ಹುಟ್ಟಿತು. ಆ ವೃತ್ತಾಂತವು ಕಾವ್ಯದ ಕೊನೆಯಲ್ಲಿದೆ. ವಾಚಕನು ಇಪ್ಪತ್ತನಾಲ್ಕು ಸರ್ಗಗಳನ್ನು ತನ್ನ ಬುದ್ಧಿಯಿಂದ ಓದಿದ ಮೇಲೆ ಆ ಸಭೆಯನ್ನು ಸೇರುತ್ತಾನೆ.

ಒಪ್ಪಿಗೆ ದೊರೆಯದ ಕಾವ್ಯದ ಗತಿಯೇನು ಎಂಬುದಕ್ಕೆ ರಾಘವಾಂಕನ ಕಥೆಯಿದೆ. ಹರಿಶ್ಚಂದ್ರಕಾವ್ಯವನ್ನು ರಚಿಸಿದಾಗ, ಸೋದರಮಾವನೂ ಗುರುವೂ ಆದ ಹರಿಹರನು, ನರಸ್ತುತಿಯಾಯಿತೆಂದು ಕೋಪಗೊಂಡು ಪಾದರಕ್ಷೆಯಿಂದ ಹೊಡೆದನೆಂದೂ, ಹಲ್ಲುಗಳು ಉದುರಿದುವೆಂದೂ, ಬಳಿಕ ಶಿವಭಕ್ತರನ್ನು ಕುರಿತ ಕಾವ್ಯಗಳಿಂದ ಅವು ಮರಳಿ ಬಂದುವೆಂದೂ ಪರಂಪರೆಯು ಹೇಳುತ್ತದೆ. ಇದು ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆ ಇಲ್ಲಿ ಅನಾವಶ್ಯಕ. ಪರಮಗುರುವಿನಿಂದ ಬೆನ್ನುಡಿಯ ಬದಲಿಗೆ ಪೆಟ್ಟು ತಿಂದ ಆ ಕಾವ್ಯವೇ ರಾಘವಾಂಕನ ಕೀರ್ತಿಗೆ ಮುಖ್ಯ ಆಧಾರವಾಗಿ ನಿಂತಿದೆ. ಹರಿಹರನ ಕೋಪಕ್ಕೂ ಒಂದು ಗೌರವ ಸಲ್ಲಬೇಕು: ಆತನು ಕಾವ್ಯವನ್ನು ಪೂರ್ತಿಯಾಗಿ ತಿಳಿದು ಕೋಪಿಸಿಕೊಂಡನು.

ಪ್ರಶಸ್ತಿಯೆಂಬುದೂ ನಮ್ಮಲ್ಲಿ ಇತ್ತಲ್ಲ ಎಂದರೆ, ಇತ್ತು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಸಾಂತರರ ಕಾಲದ ೧೧ನೆಯ ಶತಮಾನದ ಶಾಸನಗಳನ್ನು ನೋಡಿದವರಿಗೆ, ಅರಸರ ಬಿರುದುಗಳೂ ಆಚಾರ್ಯಪರಂಪರೆಯ ಸ್ತುತಿಗಳೂ ಎಷ್ಟು ದೀರ್ಘವಾಗಿ ಕೆತ್ತಲ್ಪಟ್ಟಿವೆಯೆಂಬುದು ಗೊತ್ತಿದೆ. ಆದರೆ ಶಾಸನಜ್ಞರಲ್ಲಿ ಯಾರೂ ಬಿರುದನ್ನು ಯುದ್ಧದ ವರದಿಯೆಂದು ಓದುವುದಿಲ್ಲ. ಸ್ತುತಿಭಾಗವನ್ನೂ ದಾನಭಾಗವನ್ನೂ ಬೇರೆಮಾಡಿ, ತೇದಿ, ಗಡಿ, ದಾನದ ಪ್ರಮಾಣ ಇವುಗಳಿಂದ ಚರಿತ್ರೆಯನ್ನು ಕಟ್ಟುತ್ತಾರೆ. ಕಲ್ಲಿನ ವಿಷಯದಲ್ಲಿ ನಾವು ಕಲಿತಿರುವ ಈ ಎಚ್ಚರಿಕೆಯು ಕಾಗದದ ವಿಷಯದಲ್ಲಿ ಏಕೆ ಮರೆತುಹೋಗಬೇಕು?

೪

ಇನ್ನು ಈಚಿನ ಕಾಲಕ್ಕೆ ಬರೋಣ. ನಮ್ಮ ಸೀಮೆಗೆ ಸಂಬಂಧಪಟ್ಟ ಮೂರು ಪ್ರಸಂಗಗಳು ಈ ವಿಚಾರಕ್ಕೆ ಬಹಳ ಬೆಳಕನ್ನು ಕೊಡುತ್ತವೆ.

ಮೊದಲನೆಯದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕೆ. ವಿ. ಪುಟ್ಟಪ್ಪನವರದು. ಅವರ ಪ್ರಥಮ ಕವನಗಳು ಇಂಗ್ಲಿಷಿನಲ್ಲಿದ್ದುವು. ‘ಬಿಗಿನರ್ಸ್ ಮ್ಯೂಸ್’ ಎಂಬ ಕಿರುಪುಸ್ತಕವು ೧೯೨೨ರಲ್ಲಿ ಹೊರಬಿದ್ದಿತ್ತು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ತರುಣ ಕವಿಯು ತನ್ನ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದನು. ಮೆಚ್ಚುಗೆಯನ್ನು ನಿರೀಕ್ಷಿಸುವುದು ಆ ವಯಸ್ಸಿಗೆ ಸಹಜ. ಕಸಿನ್ಸರು ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ವಿಚಾರಿಸಿ, ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದರು. ಕವಿಗೆ ಮೊದಲು ಅದು ಹಿತವಾಗಲಿಲ್ಲವೆಂಬುದನ್ನು ಅವರೇ ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆ ದಿನ ಕಸಿನ್ಸರು ದಾಕ್ಷಿಣ್ಯಕ್ಕಾಗಿ ಎರಡು ಸಾಲು ಶ್ಲಾಘನೆಯನ್ನು ಬರೆದುಕೊಟ್ಟಿದ್ದರೆ, ಅದನ್ನು ಮುಂದಿನ ಪುಸ್ತಕದಲ್ಲಿ ಅಚ್ಚುಮಾಡುವುದಕ್ಕೆ ಅಡ್ಡಿಯಿರಲಿಲ್ಲ. ೧೯೪೯ರ ಶ್ರೀರಾಮಾಯಣದರ್ಶನದವರೆಗೆ ಹರಿದ ಕಾವ್ಯಪ್ರವಾಹಕ್ಕೆ ಆ ನಿರಾಕರಣೆಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಆ ಪ್ರವಾಹವು ತನ್ನ ಪಾತ್ರಕ್ಕೆ ತಿರುಗಿದ ಸ್ಥಾನಗಳಲ್ಲಿ ಅದು ಒಂದೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯದು ಗೋಪಾಲಕೃಷ್ಣ ಅಡಿಗರದು. ಅಡಿಗರು ಹುಟ್ಟಿನಿಂದ ಕರಾವಳಿಯ ಮೊಗೇರಿಯವರಾದರೂ ೧೯೬೪ರಿಂದ ೧೯೬೮ರವರೆಗೆ ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದುದರಿಂದ ನಮ್ಮವರೂ ಹೌದು. ೧೯೪೬ರಲ್ಲಿ ಅವರ ಪ್ರಥಮ ಸಂಕಲನವಾದ ‘ಭಾವತರಂಗ’ವು ಪ್ರಕಟವಾದಾಗ ಮುನ್ನುಡಿ ಬರೆದವರು ದ. ರಾ. ಬೇಂದ್ರೆಯವರು. ಹೊಸ ಕವಿಗೆ ಹಿರಿಯ ಕವಿಯ ಮುನ್ನುಡಿಯೆಂಬುದು ಲೋಕರೂಢಿಗೆ ಸರಿಯಾದುದೇ. ಹದಿಮೂರು ವರ್ಷಗಳ ತರುವಾಯ, ೧೯೫೯ರಲ್ಲಿ, ‘ಭೂಮಿಗೀತ’ವು ಹೊರಬಂದಿತು. ಆಗ ಅಡಿಗರು ನವ್ಯಕಾವ್ಯದ ಮುಂದಾಳು. ಆ ಸಂಕಲನಕ್ಕೆ ಮುನ್ನುಡಿ ಬರೆದವರು ತೀರ್ಥಹಳ್ಳಿಯ ಮೇಳಿಗೆಯವರಾದ ಯು. ಆರ್. ಅನಂತಮೂರ್ತಿಯವರು. ಅವರು ೧೯೩೨ರಲ್ಲಿ ಹುಟ್ಟಿದವರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ, ಕವಿಗಿಂತ ಹದಿನಾಲ್ಕು ವರ್ಷ ಕಿರಿಯರು. ಹೆಸರಿನ ಆಸರೆಗಾಗಿ ಹಿರಿಯರನ್ನು ಹುಡುಕುವ ರೂಢಿಯು ಇಲ್ಲಿ ತಲೆಕೆಳಗಾಗಿದೆ. ಕಿರಿಯನ ಹೆಸರಿನಿಂದ ಕವಿಗೆ ಬರಬೇಕಾದ ಲಾಭವೇನೂ ಇರಲಿಲ್ಲ; ಕಾವ್ಯವು ಹಿಡಿದ ಹೊಸ ದಾರಿಯನ್ನು ವಿವರಿಸಬಲ್ಲ ಬುದ್ಧಿಯೊಂದು ಬೇಕಾಗಿತ್ತು. ಆಪ್ತನ ಲಕ್ಷಣವನ್ನು ವಯಸ್ಸಿಗೂ ಕೀರ್ತಿಗೂ ಕಟ್ಟದ ವಾತ್ಸ್ಯಾಯನನ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. ಬೇಂದ್ರೆಯವರ ಮುನ್ನುಡಿಯನ್ನು ಪಡೆದ ಕವಿಯು ಬಳಿಕ ಬೇಂದ್ರೆಯವರ ಮಾರ್ಗವನ್ನು ಬಿಟ್ಟು ನಡೆದುದೂ ಗಮನಿಸತಕ್ಕದ್ದು. ಒಳ್ಳೆಯ ಮುನ್ನುಡಿಯು ಪಡೆದವನನ್ನು ಋಣದಲ್ಲಿ ಕಟ್ಟಿಹಾಕುವುದಿಲ್ಲ.

ಮೂರನೆಯದು ಅನಂತಮೂರ್ತಿಯವರದೇ ‘ಸಂಸ್ಕಾರ’. ೧೯೬೫ರ ಈ ಕಾದಂಬರಿಯನ್ನು ಎ. ಕೆ. ರಾಮಾನುಜನ್ನರು ಇಂಗ್ಲಿಷಿಗೆ ಅನುವಾದಿಸಿ ೧೯೭೬ರಲ್ಲಿ ಪ್ರಕಟಿಸಿದರು. ದೂರ್ವಾಸಪುರದ ಅಗ್ರಹಾರವನ್ನೂ ಪ್ರೇತಸಂಸ್ಕಾರದ ಸಮಸ್ಯೆಯನ್ನೂ ಅರಿಯದ ಪರದೇಶದ ವಾಚಕನಿಗೆ ವಿವರಣೆಯು ಅಗತ್ಯವಾಗಿಯೇ ಇತ್ತು. ಅನುವಾದಕರು ತಮ್ಮ ದೀರ್ಘ ವಿವೇಚನೆಯನ್ನು ಕಥೆಯ ಹಿಂದೆ, ಕೊನೆಯ ಮಾತಾಗಿ ಇಟ್ಟರು. ಮಂಖಕನ ಸಭೆಯಂತೆ ಇದೂ ಓದಿನ ನಂತರ ಸಿಕ್ಕುವುದು. ವಾಚಕನು ಮೊದಲು ತಾನೇ ಪ್ರಾಣೇಶಾಚಾರ್ಯನೊಡನೆ ದಾರಿ ನಡೆಯುತ್ತಾನೆ. ಅನಂತರ ವಿಮರ್ಶಕನ ಮಾತನ್ನು ತನ್ನ ಅನುಭವದೊಡನೆ ಇಟ್ಟು ನೋಡಿ, ಒಪ್ಪಬಹುದು ಅಥವಾ ಬಿಡಬಹುದು.

೫

ಈಗಿನ ರೂಪದ ಬೆನ್ನುಡಿಯು ಪಾಶ್ಚಾತ್ಯ ಪುಸ್ತಕವ್ಯಾಪಾರದಿಂದ ಬಂದುದು. ಅದರ ಮೂಲದಲ್ಲಿರುವ ಪ್ರಸಂಗವು ವಿಚಿತ್ರವಾಗಿದೆ. ಅಮೆರಿಕದ ವಾಲ್ಟ್ ವ್ಹಿಟ್‌ಮನ್ ಕವಿಯು ೧೮೫೫ರಲ್ಲಿ ತನ್ನ ‘ಲೀವ್ಸ್ ಆಫ್ ಗ್ರಾಸ್’ ಎಂಬ ಸಂಕಲನವನ್ನು ಎಮರ್ಸನ್ನನಿಗೆ ಕಳುಹಿಸಿದನು. ಎಮರ್ಸನ್ನನು ಅದನ್ನು ಓದಿ, ಮೆಚ್ಚಿ, ಆ ವರ್ಷದ ಜುಲೈ ೨೧ರಂದು ಖಾಸಗಿ ಪತ್ರ ಬರೆದನು. ೧೮೫೬ರ ಎರಡನೆಯ ಮುದ್ರಣದಲ್ಲಿ ಆ ಪತ್ರದ ವಾಕ್ಯವೊಂದು ಎಮರ್ಸನ್ನನ ಹೆಸರಿನೊಡನೆ ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಕಾಣಿಸಿಕೊಂಡಿತು. ಬರೆದವನ ಅನುಮತಿಯನ್ನು ಕೇಳಿರಲಿಲ್ಲ. ಆ ಪತ್ರವು ಆಪ್ತವಾಕ್ಯವೆಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಬರೆದವನು ಓದಿದ್ದನು, ಯಾರೂ ಅವನನ್ನು ಬಲಾತ್ಕರಿಸಿರಲಿಲ್ಲ. ಪತ್ರದಿಂದ ಕಿತ್ತು ಬೆನ್ನಿಗೆ ಹಚ್ಚಿದ ಕ್ಷಣದಲ್ಲಿ ಅದೇ ವಾಕ್ಯವು ಅರ್ಥವಾದವಾಯಿತು.

ಇಂಗ್ಲಿಷಿನಲ್ಲಿ ಇದಕ್ಕಿರುವ ‘ಬ್ಲರ್ಬ್’ ಎಂಬ ಹೆಸರು ಪರಿಹಾಸದಲ್ಲಿ ಹುಟ್ಟಿತು. ೧೯೦೭ರಲ್ಲಿ ಜೆಲೆಟ್ ಬರ್ಜೆಸ್ ಎಂಬ ವಿನೋದಲೇಖಕನು ತನ್ನ ಪುಸ್ತಕವೊಂದರ ಹೊದಿಕೆಯ ಮೇಲೆ ಮಿಸ್ ಬೆಲಿಂಡಾ ಬ್ಲರ್ಬ್ ಎಂಬ ಕಲ್ಪಿತ ಯುವತಿಯು ಆ ಪುಸ್ತಕವನ್ನು ಹೊಗಳಿ ಕೂಗುತ್ತಿರುವಂತೆ ಚಿತ್ರ ಹಾಕಿಸಿದನು. ಯಾರನ್ನು ನೋಡಿ ನಗಬೇಕೆಂದು ಆತನು ತೋರಿಸಿದನೋ ಆಕೆಯ ಹೆಸರೇ ವ್ಯಾಪಾರದ ಗಂಭೀರ ಪದವಾಗಿಬಿಟ್ಟಿತು. ಆ ದೇಶದಲ್ಲಿಯೇ ಈಗ ಬೇಸರ ಹುಟ್ಟಿರುವ ಲಕ್ಷಣಗಳಿವೆ. ೨೦೨೫ರ ಜನವರಿಯಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯ ಮುಖ್ಯ ಪ್ರಕಾಶನ ವಿಭಾಗದವರು, ಇನ್ನು ಮುಂದೆ ತಮ್ಮ ಲೇಖಕರು ಇಂಥ ಶ್ಲಾಘನೆಗಳನ್ನು ಸಂಪಾದಿಸಿ ತರಬೇಕಾದುದಿಲ್ಲವೆಂದು ಪ್ರಕಟಿಸಿದರು. ಬರೆಯುವ ಕಾಲವು ಬೇಡುವುದರಲ್ಲಿ ವ್ಯಯವಾಗುತ್ತದೆ. ಗುಣಕ್ಕಿಂತ ಪರಿಚಯವು ಗೆಲ್ಲುತ್ತದೆ ಎಂಬುದು ಅಲ್ಲಿಯ ವಾದದ ಸಾರ. ಅವರು ಬಿಡಲು ತೊಡಗಿದ ಹೊತ್ತಿನಲ್ಲಿ ನಾವು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೇವೆ.

೬

ಇಲ್ಲಿ ಪೂರ್ವಪಕ್ಷವೊಂದಿದೆ, ಅದು ದುರ್ಬಲವಲ್ಲ. ಹೊಸನಗರದ ಮೂಲೆಯ ಹಳ್ಳಿಯಲ್ಲಿ ಕುಳಿತು ಬರೆಯುವ ತರುಣನಿಗೆ ಬೆಂಗಳೂರಿನ ಪರಿಚಯವಿಲ್ಲ. ಪತ್ರಿಕೆಗಳಲ್ಲಿ ಸಾವಧಾನವಾದ ವಿಮರ್ಶೆಗೆ ಸಿಗುವ ಜಾಗ ಕಡಿಮೆ. ಹೆಸರಾದವರ ನಾಲ್ಕು ಮಾತಿಲ್ಲದಿದ್ದರೆ ಆತನ ಪುಸ್ತಕವನ್ನು ಯಾರು ತೆರೆದು ನೋಡುತ್ತಾರೆ? ಬೆನ್ನುಡಿಯನ್ನು ತೆಗೆದರೆ ಮೊದಲೇ ಹೆಸರಿರುವವರಿಗೆ ನಷ್ಟವಿಲ್ಲ, ನಷ್ಟವೆಲ್ಲ ಅನಾಮಧೇಯನಿಗೆ.

ಈ ಮಾತಿನಲ್ಲಿ ಸತ್ಯಾಂಶವಿದೆಯೆಂದು ಒಪ್ಪಿಯೇ ಉತ್ತರ ಹೇಳಬೇಕು. ಎಲ್ಲ ಪುಸ್ತಕಗಳ ಬೆನ್ನಿನ ಮೇಲೂ ಅದೇ ವಿಶೇಷಣಗಳಿದ್ದರೆ ಅವುಗಳಿಂದ ಯಾವ ಪುಸ್ತಕವೂ ವಿಶೇಷವಾಗುವುದಿಲ್ಲ. ವಿಶೇಷಣದ ಕಾರ್ಯವು ವ್ಯಾವರ್ತನೆ. ಎಲ್ಲರಿಗೂ ಹಂಚಿದ ವಿಶೇಷಣವು ಯಾರನ್ನೂ ಬೇರ್ಪಡಿಸಲಾರದು. ಹೀಗೆ ನಿಜವಾಗಿಯೂ ಅಪೂರ್ವವಾದುದನ್ನು ಬರೆದ ಹಳ್ಳಿಯ ತರುಣನಿಗೇ ಮೊದಲು ಅನ್ಯಾಯವಾಗುತ್ತದೆ. ಅವನಿಗಾಗಿ ಹೇಳಬೇಕಾದ ಮಾತನ್ನು ನಾವು ಆಗಲೇ ಹತ್ತು ಮಂದಿಗೆ ಖರ್ಚುಮಾಡಿ ಕುಳಿತಿರುತ್ತೇವೆ.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು ಅರೋಚಕಿ. ಅನ್ನದೊಡನೆ ಹುಲ್ಲನ್ನೂ ತಿನ್ನುವವನಂತೆ ಎಲ್ಲವನ್ನೂ ಮೆಚ್ಚುವವನು ಸತೃಣಾಭ್ಯವಹಾರಿ. ಅಸೂಯೆಯಿಂದ ಗುಣವನ್ನು ಕಾಣದವನು ಮತ್ಸರಿ. ತತ್ತ್ವದಲ್ಲಿ ಮನಸ್ಸನ್ನು ಊರಿದವನು ತತ್ತ್ವಾಭಿನಿವೇಶಿ. ಕೊನೆಯವನು ಅತಿ ವಿರಳನೆಂಬುದೂ ಆತನ ಮತವೇ. ನಮ್ಮಲ್ಲಿ ಮತ್ಸರಿಗಳನ್ನು ಕುರಿತು ದೂರುವವರು ಬಹಳ. ಬೆನ್ನುಡಿಯ ಪದ್ಧತಿಯು ಬೆಳೆಸುತ್ತಿರುವುದಾದರೋ ಎರಡನೆಯ ವರ್ಗವನ್ನು. ಸ್ವಭಾವದಿಂದ ತತ್ತ್ವಾಭಿನಿವೇಶಿಯಾದವನನ್ನೂ ಇದು ಹುಲ್ಲು ತಿನ್ನುವುದಕ್ಕೆ ಒಡಂಬಡಿಸುತ್ತದೆ. ಮತ್ಸರಿಯ ನಿಂದೆಯನ್ನು ಕಾಲವು ತೊಳೆದೀತು; ಬಲ್ಲವರು ಸಡಿಲವಾಗಿ ಹಂಚಿದ ಸ್ತುತಿಯಿಂದ ಬಲ್ಲವರ ಮಾತಿನಲ್ಲಿಯೇ ಜನಕ್ಕೆ ನಂಬಿಕೆ ತಪ್ಪಿದರೆ, ಅದನ್ನು ಮರಳಿ ಕಟ್ಟುವುದು ಕಷ್ಟ.

ಹಳ್ಳಿಯ ಲೇಖಕನಿಗೆ ಸಹಾಯ ಮಾಡುವ ದಾರಿಯು ನಮ್ಮ ಸೀಮೆಯಲ್ಲಿಯೇ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿ ಕೆ. ವಿ. ಸುಬ್ಬಣ್ಣನವರ ಶ್ರಮದಿಂದ ಬೆಳೆದ ನೀನಾಸಂ ನಡೆಸಿದ ಸಂಸ್ಕೃತಿ ಶಿಬಿರಗಳಲ್ಲಿ, ಕೃತಿಯನ್ನೋ ನಾಟಕವನ್ನೋ ಎದುರಿಗಿಟ್ಟುಕೊಂಡು, ಊರವರೂ ಹೊರಗಿನವರೂ ಸೇರಿ ಬಹಿರಂಗವಾಗಿ ಚರ್ಚಿಸುವ ಕ್ರಮವು ಬಳಕೆಗೆ ಬಂದಿತು. ಒಪ್ಪದಿದ್ದವನು ಎದ್ದು ನಿಂತು ಹೇಳಬಹುದಾದ ಕಡೆ ಒಪ್ಪಿದವನ ಮಾತಿಗೂ ತೂಕವಿರುತ್ತದೆ. ಮಂಖಕನ ಸಭೆಗೆ ಇದು ಸಮೀಪದ್ದು. ಪ್ರತಿ ತಾಲ್ಲೂಕಿನಲ್ಲಿಯೂ ವರ್ಷಕ್ಕೆ ಒಂದೆರಡು ಹೊಸ ಹಸ್ತಪ್ರತಿಗಳನ್ನು ಅಚ್ಚಿಗೆ ಮೊದಲು ಹೀಗೆ ಓದಿಸಿ ಕೇಳುವ ಏರ್ಪಾಡಾದರೆ, ತರುಣನಿಗೆ ನಾಲ್ಕು ಸಾಲಿನ ಬದಲು ನಲವತ್ತು ಮಂದಿ ಓದುಗರು ಸಿಕ್ಕುವರು.

೭

ಈ ವಿಚಾರದಿಂದ ಫಲಿಸುವುದು ಇಷ್ಟು. ಬೆನ್ನುಡಿಯು ಅರ್ಥವಾದವಾಗಿ ಇರಬಹುದು. ವಿಮರ್ಶೆಯಲ್ಲಿ ಅದನ್ನು ಪ್ರಮಾಣವಾಗಿ ಉದಾಹರಿಸಕೂಡದು. ಅಧ್ಯಾಪಕರು ವಿದ್ಯಾರ್ಥಿಗಳ ಪ್ರಬಂಧಗಳನ್ನು ನೋಡುವಾಗ, ಉದ್ಧರಿಸಿದ ಅಭಿಪ್ರಾಯವು ಹೊದಿಕೆಯದೋ ಲೇಖನದ್ದೋ ಎಂಬುದನ್ನು ಕೇಳಬೇಕು. ಹೇಳಲೇಬೇಕಾದವರು ಮುನ್ನುಡಿಯನ್ನು ಬರೆಯಲಿ. ಅದರಲ್ಲಿ ಕಾರಣವಿರಲಿ, ಗ್ರಂಥದೊಳಗಿನ ಸ್ಥಳಗಳ ನಿರ್ದೇಶವಿರಲಿ, ಒಪ್ಪದ ಅಂಶವಿದ್ದರೆ ಅದನ್ನೂ ಹೇಳುವ ಸ್ವಾತಂತ್ರ್ಯವನ್ನು ಮೊದಲೇ ಕೇಳಿ ಪಡೆಯಲಿ. ಆ ಸ್ವಾತಂತ್ರ್ಯವನ್ನು ಕೊಡಲೊಲ್ಲದ ಲೇಖಕನಿಗೆ ಹಸ್ತಪ್ರತಿಯನ್ನು ಹಿಂದಿರುಗಿಸುವುದರಲ್ಲಿ ಅಗೌರವವೇನೂ ಇಲ್ಲ. ಬೇಡುವವರೂ ಹೆಸರಾದವರನ್ನು ಬಿಟ್ಟು ತಮ್ಮ ವಿಷಯವನ್ನು ಬಲ್ಲವರನ್ನು ಹುಡುಕಲಿ. ಅವರು ಕಿರಿಯರಾಗಿದ್ದರೆ ಸಂಕೋಚಪಡದಿರಲಿ.

ದಾಕ್ಷಿಣ್ಯವು ಮಲೆನಾಡಿನ ಜನಕ್ಕೆ ಭೂಷಣವೆಂಬುದನ್ನು ನಾನು ಬಲ್ಲೆ. ಮನೆಗೆ ಬಂದವನಿಗೆ ಬೆಲ್ಲ ನೀರು ಕೊಡುವುದರಲ್ಲಿ ಅದನ್ನು ತೋರಿಸೋಣ. ಆತನ ಹಸ್ತಪ್ರತಿಯನ್ನು ಒಂದು ವಾರ ಇಟ್ಟುಕೊಂಡು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದುವುದರಲ್ಲಿ ತೋರಿಸೋಣ. ಇದಕ್ಕೆ ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರು ತಮ್ಮ ಯುಕ್ತಿಗಳನ್ನು ಈ ಪತ್ರಿಕೆಯಲ್ಲಿಯೇ ಮಂಡಿಸಿದರೆ ವಿಷಯವು ಇನ್ನೂ ಸ್ಫುಟವಾದೀತು.